ಸೂಟಿ ಇಲ್ಲದ ದಿನಗಳಲ್ಲಿ ಪ್ರವಾಸ: ಮಕ್ಕಳ ಸಾಲಿ ತಪ್ಪಿಸುವ ಮೊದಲು ಮಾಡಬೇಕಾದ ಕೆಲಸಗಳು, ಅನುಕ್ರಮವಾಗಿ

ಟಿಕೆಟ್ ಆಯಿತು, ಲಾಜ್ ಆಯಿತು, ಬುತ್ತಿಗೆ ಶೇಂಗಾ ಚಟ್ನಿಯೂ ಕುಟ್ಟಿ ಆಯಿತು. ಸಾಲಿಗೆ ಹೇಳುವುದೊಂದು ಬಾಕಿ. ಹೊರಡುವ ಹಿಂದಿನ ದಿನ ಮಗ ಡೈರಿ ತಂದು ತೋರಿಸುತ್ತಾನೆ: ಸೋಮವಾರ ಗಣಿತ ಪರೀಕ್ಷೆ. ಆಮೇಲೆ ಹೆಡ್ ಮಾಸ್ತರರ ಮುಂದೆ ಗೋಗರೆಯುವುದು, ಇಲ್ಲವೇ "ಹುಡುಗಗ ಜ್ವರ ಬಂದಾವ್ರಿ" ಎನ್ನುವುದು. ಪ್ರತಿ ವರ್ಷ ಎಷ್ಟೋ ಮನೆಗಳು ಎಡವುವುದು ಇದೇ ಜಾಗದಲ್ಲಿ. ಮೊದಲು ಪರೀಕ್ಷೆಯ ವೇಳಾಪಟ್ಟಿ, ಆಮೇಲೆ ರಜಾ ಚೀಟಿ, ಕೊನೆಗೆ ಟಿಕೆಟ್ ಎಂದಿರಬೇಕಾದದ್ದನ್ನು ತಲೆಕೆಳಗು ಮಾಡಿರುತ್ತಾರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಾಲಿಗಳ ಲೆಕ್ಕ ಹಿಡಿದು, ಒಂದರಿಂದ ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಇದನ್ನು ಬರೆದಿದೆ.

ಬೇಕಾಗುವ ಸಾಮಾನು

ಮಗುವಿನ ಸಾಲಿ ಡೈರಿ, ಈ ಸಾಲಿನ ಶೈಕ್ಷಣಿಕ ಕ್ಯಾಲೆಂಡರ್, ಗೋಡೆಗೆ ತೂಗುಹಾಕುವ ಪಂಚಾಂಗದ ಕ್ಯಾಲೆಂಡರ್, ಒಂದು ಕೆಂಪು ಪೆನ್ನು, ನಾಲ್ಕು ಬಿಳಿ ಹಾಳೆ. ಮಕ್ಕಳು ಇಬ್ಬರಿದ್ದು ಬೇರೆ ಬೇರೆ ಸಾಲಿಗೆ ಹೋಗುತ್ತಿದ್ದರೆ ಎರಡೂ ಡೈರಿ ಬೇಕು. ಒಬ್ಬರದು ರಾಜ್ಯ ಪಠ್ಯಕ್ರಮ, ಇನ್ನೊಬ್ಬರದು ಸಿಬಿಎಸ್ಇ ಆಗಿದ್ದರಂತೂ ಎರಡನ್ನೂ ಪಕ್ಕಪಕ್ಕ ಇಟ್ಟೇ ನೋಡಿ. ಸಿಬಿಎಸ್ಇ ಸಾಲಿಗಳ ವರ್ಷ ಏಪ್ರಿಲ್‌ನಲ್ಲೇ ಶುರುವಾಗುತ್ತದೆ, ದಸರಾ ಸೂಟಿ ಸಾಮಾನ್ಯವಾಗಿ ಕಡಿಮೆ, ಪರೀಕ್ಷೆಯ ವಾರಗಳೂ ಬೇರೆ.

ಹಂತ 1: ತರಗತಿ ನೋಡಿ ನಿರ್ಧರಿಸಿ

ಹತ್ತನೇ ತರಗತಿಯ ಮಗುವನ್ನು ಸಾಲಿ ತಪ್ಪಿಸಿ ಕರೆದೊಯ್ಯಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಅದಕ್ಕಿಂತ ಹತ್ತಿರದ ಕಾರಣ ಆಂತರಿಕ ಅಂಕಗಳದ್ದು. ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಅಂಕ ವರ್ಷವಿಡೀ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಿಂದ ಬರುತ್ತವೆ. ಚಟುವಟಿಕೆಯ ದಿನ ಮಗು ಪಂಢರಪುರದಲ್ಲಿದ್ದರೆ ಅದನ್ನು ಮತ್ತೆ ಮಾಡಿಸುವುದು ಶಿಕ್ಷಕರ ಮರ್ಜಿಗೆ ಬಿಟ್ಟದ್ದು.

ಐದನೇ ತರಗತಿ ಸಣ್ಣದು ಎಂದು ಹಗುರವಾಗಿ ಎಣಿಸಬೇಡಿ. ನಮ್ಮ ಭಾಗದಲ್ಲಿ ಐದನೇ ತರಗತಿಯ ಮಕ್ಕಳಿಗೇ ಪ್ರವೇಶ ಪರೀಕ್ಷೆಗಳ ಸಾಲು: ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ವಿಜಯಪುರದ ಸೈನಿಕ ಶಾಲೆ, ಹೆಣ್ಣುಮಕ್ಕಳಿಗೆ ಕಿತ್ತೂರು ರಾಣಿ ಚನ್ನಮ್ಮ ಸೈನಿಕ ಶಾಲೆ. ಯಾವುದಕ್ಕೆ ಅರ್ಜಿ ಹಾಕಿದ್ದರೂ ಆ ದಿನಾಂಕವನ್ನೂ, ಅದರ ಹಿಂದಿನ ಎರಡು ವಾರಗಳನ್ನೂ ಮುಟ್ಟಬೇಡಿ. ಸರ್ಕಾರಿ ಮತ್ತು ಅನುದಾನಿತ ಸಾಲಿಗಳ ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಇರುತ್ತದೆ, ಅದಕ್ಕೂ ಇದೇ ಮಾತು.

ಒಂದರಿಂದ ನಾಲ್ಕು, ಆರು ಮತ್ತು ಏಳನೇ ತರಗತಿಯವರಿಗೆ ಮೂರು ನಾಲ್ಕು ದಿನ ದೊಡ್ಡ ವಿಷಯವಲ್ಲ. ಈಗಷ್ಟೇ ಓದು ಬರಹ ಕೂಡಿಸಿಕೊಳ್ಳುತ್ತಿರುವ ಒಂದನೇ ತರಗತಿಯ ಮಗುವನ್ನು ಮಾತ್ರ ಜೂನ್, ಜುಲೈನಲ್ಲಿ ಕದಲಿಸಬೇಡಿ. ಆಗಷ್ಟೇ ಸಾಲಿಗೆ ಹೊಂದಿಕೊಂಡಿರುತ್ತದೆ, ನಡುವೆ ಬಿಡಿಸಿದರೆ ಅಳು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಂತ 2: ಕೆಂಪು ಪೆನ್ನಿನ ಕೆಲಸ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಹೋಗಬಾರದ ದಿನಗಳನ್ನೆಲ್ಲ ಮೊದಲು ಹೊಡೆದುಹಾಕಿ, ಉಳಿದದ್ದರಲ್ಲಿ ಹುಡುಕಿ.

ಪರೀಕ್ಷೆಗಳಿಂದ ಶುರು ಮಾಡಿ. ರಾಜ್ಯ ಪಠ್ಯಕ್ರಮದಲ್ಲಿ ನಾಲ್ಕು ರೂಪಣಾತ್ಮಕ (ನಡುನಡುವಿನ ಸಣ್ಣ ಪರೀಕ್ಷೆ), ಎರಡು ಸಂಕಲನಾತ್ಮಕ (ಅರ್ಧವಾರ್ಷಿಕ, ವಾರ್ಷಿಕ) ಮೌಲ್ಯಮಾಪನಗಳು. ಮೊದಲ ಸಂಕಲನಾತ್ಮಕ ಪರೀಕ್ಷೆ ದಸರಾ ಸೂಟಿಗೆ ಅಂಟಿಕೊಂಡೇ ಬರುತ್ತದೆ, ಎರಡನೆಯದು ವರ್ಷದ ಕೊನೆಗೆ. ಈ ವಾರಗಳಷ್ಟೇ ಅಲ್ಲ, ಅವುಗಳ ಹಿಂದಿನ ವಾರವನ್ನೂ ಹೊಡೆಯಿರಿ. "ಇದು ಪರೀಕ್ಷೆಗೆ ಬರತೈತಿ" ಎಂದು ಶಿಕ್ಷಕರು ಹೇಳಿ ಬರೆಸುವುದು ಆ ವಾರದಲ್ಲೇ.

ದಸರಾ ಸೂಟಿಗೆ ಎರಡು ದಿನ ಮೊದಲೇ ಹೊರಡೋಣ ಎನ್ನುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಆ ಎರಡು ದಿನ ಬಹುಪಾಲು ಪರೀಕ್ಷೆಯ ದಿನಗಳೇ ಆಗಿರುತ್ತವೆ. ಎರಡು ದಿನ ಹೆಚ್ಚು ಬೇಕೇ ಬೇಕಾದರೆ ಸೂಟಿ ಮುಗಿದ ಮೇಲೆ ತೆಗೆದುಕೊಳ್ಳಿ. ಸಾಲಿ ತೆರೆದ ಮೊದಲ ಎರಡು ದಿನ ಉತ್ತರ ಪತ್ರಿಕೆ ಹಂಚುವುದರಲ್ಲಿ, ಅಂಕ ನೋಡಿಕೊಳ್ಳುವುದರಲ್ಲಿ ಹೋಗುತ್ತವೆ.

ಆಗಸ್ಟ್ 15 ಮತ್ತು ಜನವರಿ 26ಕ್ಕೂ ಗೆರೆ ಹೊಡೆಯಿರಿ. ಸರ್ಕಾರಿ ರಜೆ ಎಂದು ಅವುಗಳ ಹಿಂದೆ ಮುಂದೆ ಪ್ರವಾಸ ಹೆಣೆಯುತ್ತಾರೆ. ಸಾಲಿಗೆ ಅವು ರಜೆಯಲ್ಲ: ಧ್ವಜಾರೋಹಣ, ಕವಾಯತು, ಹಾಡು ಎಲ್ಲ ಇರುತ್ತದೆ. ಎರಡು ವಾರ ತಾಲೀಮು ಮಾಡಿದ ಸಾಲಿನಲ್ಲಿ ಒಂದು ಮಗು ಇಲ್ಲವಾದರೆ ಇಡೀ ಸಾಲು ಕೆಡುತ್ತದೆ, ಆ ಸಿಟ್ಟು ವರ್ಷವಿಡೀ ಇಳಿಯುವುದಿಲ್ಲ. ಗ್ಯಾದರಿಂಗ್ (ಸಾಲಿಯ ವಾರ್ಷಿಕೋತ್ಸವ), ಪ್ರತಿಭಾ ಕಾರಂಜಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಮಗು ಇದ್ದರೆ ಅದೂ ಹಾಗೆಯೇ. ಖೋ ಖೋ ತಂಡದ ಹುಡುಗಿಯನ್ನು ಪಂದ್ಯದ ವಾರ ಕರೆದೊಯ್ಯುತ್ತೇವೆ ಎಂದರೆ ಮೊದಲು ಜಗಳಕ್ಕೆ ಬರುವವಳು ಅವಳೇ.

ಈಗ ಪಂಚಾಂಗದ ಕ್ಯಾಲೆಂಡರ್. ನಮ್ಮ ಕಡೆ ಪ್ರವಾಸವೆಂದರೆ ಅರ್ಧ ದೇವರ ಕೆಲಸ, ಹಾಗಾಗಿ ತಿಥಿ ನೋಡದೆ ಆಗುವುದಿಲ್ಲ. ಯುಗಾದಿಗೆ ಮುಂಚಿನ ಶ್ರೀಶೈಲ ಪಾದಯಾತ್ರೆ ವಾರ್ಷಿಕ ಪರೀಕ್ಷೆಯ ಮೇಲೆಯೇ ಬಂದು ಕೂರುತ್ತದೆ. ಇದಕ್ಕೆ ಒಳದಾರಿ ಇಲ್ಲ, ಹಿರಿಯರು ಹೋಗಲಿ, ಮಕ್ಕಳು ಬೇಸಿಗೆ ಸೂಟಿಯಲ್ಲಿ ಹೋಗಲಿ. ಆಷಾಢ ಏಕಾದಶಿಯ ಪಂಢರಪುರ ಹಾಗಲ್ಲ. ಅದು ಸಾಮಾನ್ಯವಾಗಿ ಜುಲೈ ಹೊತ್ತಿಗೆ ಬರುತ್ತದೆ, ಮೊದಲ ರೂಪಣಾತ್ಮಕ ಪರೀಕ್ಷೆಗೆ ತಾಗದಂತೆ ನೋಡಿಕೊಂಡರೆ ಸಾಕು. ಬನದ ಹುಣ್ಣಿಮೆಯ ಬಾದಾಮಿ ಬನಶಂಕರಿ ಜಾತ್ರೆ, ಸಂಕ್ರಾಂತಿಯ ವಿಜಯಪುರ ಸಿದ್ಧೇಶ್ವರ ಜಾತ್ರೆಗಳ ದಿನ ಸ್ಥಳೀಯ ಸಾಲಿಗಳಲ್ಲಿ ಹಾಜರಿ ಹೇಗೂ ತೆಳ್ಳಗಿರುತ್ತದೆ. ಆದರೆ ಬೇರೆ ಊರಿನವರು ಆ ವಾರ ಬಾದಾಮಿ ಗುಹೆ ನೋಡಲು ಬಂದರೆ ಕೋಣೆ ಸಿಗದೆ ಪರದಾಡುತ್ತಾರೆ. ಚಳಿಗಾಲದ ಅಧಿವೇಶನ ನಡೆಯುವಾಗ ಬೆಳಗಾವಿಯ ಲಾಜುಗಳದ್ದೂ ಅದೇ ಕತೆ.

ಗೆರೆ ಎಳೆದು ಮುಗಿದ ಮೇಲೆ ಸಾಮಾನ್ಯವಾಗಿ ಉಳಿಯುವುದು ಎರಡು ಕಿಟಕಿ. ಒಂದು, ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ಇನ್ನೊಂದು, ದೀಪಾವಳಿ ಮುಗಿದ ಮೇಲಿಂದ ನವೆಂಬರ್ ಕೊನೆಯವರೆಗೆ. ಎರಡರಲ್ಲಿ ನವೆಂಬರ್ ಒಳ್ಳೆಯದು. ಜುಲೈನಲ್ಲಿ ಖಾನಾಪುರದ ಕಡೆ, ಚೋರ್ಲಾ ಘಾಟಿನಲ್ಲಿ, ಗೋವೆಯಲ್ಲಿ ಮಳೆ ಹೊಡೆಯುತ್ತಿರುತ್ತದೆ, ಸಮುದ್ರಕ್ಕೆ ಇಳಿಯುವಂತಿಲ್ಲ. ಮಳೆಗೆ ಜಿಲ್ಲಾಧಿಕಾರಿ ಕೊಟ್ಟ ರಜೆಯನ್ನು ಸಾಲಿಗಳು ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಿಕೊಳ್ಳುತ್ತವೆ. "ಹೆಂಗೂ ಸೂಟಿ ಕೊಟ್ಟಾರ" ಎಂದು ಅದಕ್ಕೆ ಎರಡು ದಿನ ಸೇರಿಸಿದವರು ಎರಡು ಸಲ ತಪ್ಪಿಸಿಕೊಂಡಂತೆ.

ಸ್ವಂತ ಗಾಡಿಯಲ್ಲಿ ಹೋಗುವವರಿಗೆ ನವೆಂಬರ್‌ನ ಒಂದೇ ತೊಡಕು ಕಬ್ಬು. ಕಾರ್ಖಾನೆಗಳು ಶುರುವಾದ ಮೇಲೆ ಅಥಣಿ, ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಒಂದು ದಿನದ ಸಾಲಿ ಉಳಿಸಲು ರಾತ್ರಿ ಎರಡಕ್ಕೆ ಹೊರಡುವ ಯೋಚನೆ ಬಿಡಿ.

ಹಂತ 3: ದಿನಗಳನ್ನು ಸರಿಯಾಗಿ ಎಣಿಸಿ

"ಎರಡೇ ದಿನ ತಪ್ಪತೈತಿ" ಎಂದು ಹೊರಟವರ ಮಗು ನಾಲ್ಕು ದಿನ ತಪ್ಪಿಸಿರುತ್ತದೆ. ಲೆಕ್ಕ ತಪ್ಪುವುದು ಶನಿವಾರ ಮತ್ತು ವಾಪಸು ಬರುವ ದಿನದಲ್ಲಿ. ಶನಿವಾರ ಬೆಳಗಿನ ಸಾಲಿ ಇದ್ದೇ ಇರುತ್ತದೆ, ಅದೂ ಲೆಕ್ಕಕ್ಕೆ ಬರಬೇಕು.

ಬಾಗಲಕೋಟೆಯಿಂದ ಮೈಸೂರಿಗೆ ಹೋಗುವ ಮನೆಯೊಂದನ್ನು ತೆಗೆದುಕೊಳ್ಳೋಣ. ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಸುತ್ತದೆ. ಬರುವಾಗ ಮಧ್ಯಾಹ್ನದ ಮೇಲೆ ಹೊರಟು ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ. ಶುಕ್ರವಾರ ಸಾಲಿ ಬಿಟ್ಟ ಮೇಲೆ ಹತ್ತಿದರೆ ಶನಿವಾರ ಮೃಗಾಲಯ, ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ, ಸೋಮವಾರ ಮಧ್ಯಾಹ್ನ ರೈಲು, ಮಂಗಳವಾರ ಬೆಳಿಗ್ಗೆ ಮನೆ. ತಪ್ಪಿದ್ದು ಶನಿವಾರದ ಬೆಳಗಿನ ಸಾಲಿ, ಸೋಮವಾರ, ಮಂಗಳವಾರ.

ಅದೇ ಪ್ರವಾಸಕ್ಕೆ ಭಾನುವಾರ ಸಂಜೆ ಹತ್ತಿದರೆ? ದೀಪಾಲಂಕಾರ ತಪ್ಪಿತು. ಸೋಮವಾರ ಇಳಿದು ದಣಿವಾರಿಸಿಕೊಂಡು ಮಂಗಳವಾರ ಮೃಗಾಲಯಕ್ಕೆ ಹೋದರೆ ಬಾಗಿಲು ಮುಚ್ಚಿರುತ್ತದೆ, ಮಂಗಳವಾರ ಅದಕ್ಕೆ ವಾರದ ರಜೆ. ಬುಧವಾರ ಹೊರಟು ಗುರುವಾರ ಮನೆಗೆ. ನಾಲ್ಕು ಪೂರ್ತಿ ದಿನ ಹೋದವು, ಆನೆಯೂ ಕಾಣಲಿಲ್ಲ. ನೀವು ನೋಡಬೇಕೆಂದಿರುವ ಜಾಗಕ್ಕೆ ವಾರದ ರಜೆ ಯಾವತ್ತು ಎನ್ನುವುದನ್ನು ದಿನ ಆರಿಸುವ ಮೊದಲೇ ಬರೆದಿಟ್ಟುಕೊಳ್ಳಿ. ಬಾದಾಮಿಯ ಮತ್ತು ಗೋಲಗುಂಬಜ್ ಆವರಣದ ವಸ್ತುಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ.

ಬೆಳಿಗ್ಗೆ ಏಳಕ್ಕೆ ರೈಲು ಇಳಿಸಿ ಒಂಬತ್ತಕ್ಕೆ ಸಾಲಿಗೆ ಕಳಿಸುತ್ತೇವೆ ಎನ್ನುವ ಧೈರ್ಯ ಬೇಡ. ಮಗು ಮೂರನೇ ಪಿರಿಯಡ್‌ಗೆ ಬೆಂಚಿನ ಮೇಲೆ ತಲೆ ಇಟ್ಟು ಮಲಗಿರುತ್ತದೆ. ಆ ದಿನವನ್ನೂ ರಜೆಯೆಂದೇ ಚೀಟಿಯಲ್ಲಿ ಬರೆಯಿರಿ.

ಒಟ್ಟು ಹಾಜರಿಯ ಲೆಕ್ಕವೂ ಇರಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷಕ್ಕೆ ಐದನೇ ತರಗತಿಯವರೆಗೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಸಾಲಿ ದಿನಗಳು ನಡೆಯಬೇಕು. 220ರಲ್ಲಿ ಶೇಕಡಾ 75 ಎಂದರೆ 165. ಬಾಕಿ 55 ದಿನ ಬಹಳ ಎನಿಸುತ್ತದೆ. ನೆಗಡಿ ಜ್ವರ, ಸೋದರಮಾವನ ಮದುವೆ, ಊರ ಜಾತ್ರೆ, ಅಜ್ಜನ ಆಸ್ಪತ್ರೆ ಎಲ್ಲ ಅದೇ ಗಡಿಗೆಯಿಂದ ತೆಗೆಯುತ್ತವೆ. ಪ್ರವಾಸಕ್ಕೆ ವರ್ಷಕ್ಕೆ ಐದು ದಿನದ ಮೇಲೆ ಬೇಡ, ಅದೂ ಒಂದೇ ಸಲ.

ಹಂತ 4: ರಜಾ ಚೀಟಿ

ಹೊರಡುವುದಕ್ಕೆ ಎರಡು ವಾರ ಮೊದಲು ಕೊಡಿ. ಚೀಟಿ ಮುಖ್ಯೋಪಾಧ್ಯಾಯರ ಹೆಸರಿಗೆ, ಕೊಡುವುದು ತರಗತಿ ಶಿಕ್ಷಕರ ಕೈಗೆ. ನೇರವಾಗಿ ಹೆಡ್ ಮಾಸ್ತರರ ಕೋಣೆಗೆ ಹೋದರೆ ತರಗತಿಯ ಅಕ್ಕೋರಿಗೆ "ನಮ್ಮನ್ನ ದಾಟಿ ಹೋದ್ರು" ಎನಿಸುತ್ತದೆ. ಬರೀ ಅಕ್ಕೋರಿಗೆ ವಾಟ್ಸಾಪ್ ಮಾಡಿ ಕೈತೊಳೆದುಕೊಂಡರೆ ಹೆಡ್ ಮಾಸ್ತರರಿಗೆ ಗೊತ್ತೇ ಇರುವುದಿಲ್ಲ.

ಒಕ್ಕಣೆ ಹೀಗಿದ್ದರೆ ಸಾಕು:

ಮುಖ್ಯೋಪಾಧ್ಯಾಯರಿಗೆ,
ತರಗತಿ ಶಿಕ್ಷಕರ ಮೂಲಕ.
ವಿಷಯ: 3 ದಿನಗಳ ರಜೆ ಕೋರಿ.
ಮಾನ್ಯರೇ, ತಮ್ಮ ಶಾಲೆಯ 6ನೇ ತರಗತಿ 'ಬ' ವಿಭಾಗದಲ್ಲಿ ಓದುತ್ತಿರುವ ನಮ್ಮ ಮಗಳು ______ (ಹಾಜರಿ ಸಂಖ್ಯೆ __) ಕುಟುಂಬದೊಂದಿಗೆ ಮೈಸೂರು ಪ್ರವಾಸಕ್ಕೆ ಬರುತ್ತಿರುವುದರಿಂದ ಶನಿವಾರ ದಿ. __, ಸೋಮವಾರ ದಿ. __ ಮತ್ತು ಮಂಗಳವಾರ ದಿ. __ ಶಾಲೆಗೆ ಬರುವುದಿಲ್ಲ. ಬುಧವಾರ ದಿ. __ ರಂದು ಹಾಜರಾಗುತ್ತಾಳೆ. ಈ ದಿನಗಳಲ್ಲಿ ಪರೀಕ್ಷೆ ಇಲ್ಲದ್ದನ್ನು ಡೈರಿಯಲ್ಲಿ ನೋಡಿಕೊಂಡಿದ್ದೇವೆ. ತಪ್ಪಿದ ಪಾಠಗಳನ್ನು ಮುಂದಿನ ಭಾನುವಾರದೊಳಗೆ ಬರೆಸುತ್ತೇವೆ. ದಯಮಾಡಿ ರಜೆ ಮಂಜೂರು ಮಾಡಬೇಕಾಗಿ ವಿನಂತಿ.
ಪಾಲಕರ ಸಹಿ, ಮೊಬೈಲ್ ಸಂಖ್ಯೆ, ದಿನಾಂಕ.

"ಪರೀಕ್ಷೆ ಇಲ್ಲದ್ದನ್ನು ನೋಡಿಕೊಂಡಿದ್ದೇವೆ" ಎಂಬ ಸಾಲನ್ನು ಬಿಡಬೇಡಿ. ಅರ್ಧ ಕೆಲಸ ಮಾಡುವುದು ಅದೇ. "ಮನೆಯ ತುರ್ತು ಕೆಲಸದ ನಿಮಿತ್ತ" ಎಂಬ ಹಳೆಯ ಸಾಲು ಬೇಡ, ಅದನ್ನು ಓದಿ ಓದಿ ಶಿಕ್ಷಕರಿಗೆ ಸಾಕಾಗಿದೆ.

ಎರಡು ಪ್ರತಿ ಬರೆದು ಒಂದರ ಮೇಲೆ "ತಲುಪಿದೆ" ಎಂದು ಸಹಿ, ದಿನಾಂಕ ಹಾಕಿಸಿಕೊಳ್ಳಿ. ಮಕ್ಕಳನ್ನು ಕರೆದೊಯ್ಯುವವರು ಮಾಮಾನೋ ಅಜ್ಜಿಯೋ ಆಗಿದ್ದರೂ ಚೀಟಿಗೆ ಸಹಿ ತಂದೆ ಅಥವಾ ತಾಯಿಯದೇ ಇರಲಿ. ಖಾಸಗಿ ಸಾಲಿಯ ಫೀ ಕಂತು ಬಾಕಿ ಇದ್ದರೆ ಅದನ್ನು ಮುಗಿಸಿ ಚೀಟಿ ಕೊಡಿ. ನಿಯಮವಲ್ಲ, ಆದರೆ ಮಾತು ಆ ಕಡೆ ತಿರುಗುವುದನ್ನು ತಪ್ಪಿಸುತ್ತದೆ.

ಬಾಯಿಮಾತಿನ ಅರ್ಥ ತಿಳಿದಿರಲಿ. "ಆತ ತಗೋರಿ, ಹೋಗಿ ಬರ್‍ರಿ" ಎಂದರೆ ಅನುಮತಿ. "ನೋಡೂಣು" ಎಂದರೆ ಇಲ್ಲ, ಆ ವಾರ ಏನೋ ಇದೆ, ಅಲ್ಲೇ ನಿಂತು "ಏನರ ಪರೀಕ್ಷಾ ಐತೇನ್ರಿ ಸರ್?" ಎಂದು ಕೇಳಿ. "ನಿಮ್ಮ ಮರ್ಜಿ" ಎಂದರೆ ಬೇಸರವಾಗಿದೆ, ದಿನ ಬದಲಿಸಲು ಸಾಧ್ಯವೇ ನೋಡಿ.

ಜ್ವರದ ಸುಳ್ಳು ನಿಲ್ಲುವುದಿಲ್ಲ. ಮೂರು ನಾಲ್ಕು ದಿನ ದಾಟಿದರೆ ವೈದ್ಯರ ಚೀಟಿ ಕೇಳುತ್ತಾರೆ. ಅಷ್ಟರಲ್ಲಿ ನಿಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ಚಾಮುಂಡಿ ಬೆಟ್ಟದ ಫೋಟೊ ಬಿದ್ದಿರುತ್ತದೆ, ಅಕ್ಕೋರ ನಂಬರು ನಿಮ್ಮ ಫೋನಿನಲ್ಲೇ ಇದೆ. ಇಷ್ಟೂ ಆಗದಿದ್ದರೆ ಮಗುವೇ ಹೇಳುತ್ತದೆ. ಮೂರನೇ ತರಗತಿಯ ಮಗು ಜಿರಾಫೆ ನೋಡಿದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದು.

ಇನ್ನೊಂದು ತಪ್ಪು ತಿಳಿವಳಿಕೆ: ಚೀಟಿ ಕೊಟ್ಟರೆ ಹಾಜರಿ ಸಿಗುತ್ತದೆ ಎನ್ನುವುದು. ಸಿಗುವುದಿಲ್ಲ. ಪುಸ್ತಕದಲ್ಲಿ ಗೈರು ಗೈರೇ. ಅದು ಹೇಳದೆ ಹೋದ ಗೈರಲ್ಲ ಎನ್ನುವುದಕ್ಕಷ್ಟೇ ಚೀಟಿ ಸಾಕ್ಷಿ.

ವಸತಿ ಶಾಲೆಯ ಮಕ್ಕಳದ್ದು ಬೇರೆ. ಅಲ್ಲಿ ಪ್ರಾಂಶುಪಾಲರ ಲಿಖಿತ ಅನುಮತಿ, ದಾಖಲೆಯಲ್ಲಿ ಹೆಸರಿರುವ ಪಾಲಕರು, ಅವರ ಗುರುತಿನ ಚೀಟಿ ಮೂರೂ ಇಲ್ಲದೆ ಗೇಟು ದಾಟಿಸುವುದಿಲ್ಲ.

ಹಂತ 5: ಈಗ ಟಿಕೆಟ್

ರೈಲಿಗೆ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಸಾಲಿಯ ಪರೀಕ್ಷಾ ದಿನಾಂಕ ಕೆಲವೊಮ್ಮೆ ಅಷ್ಟು ಮೊದಲು ಗೊತ್ತಾಗುವುದಿಲ್ಲ. ಅಂಥಲ್ಲಿ ಶಿಕ್ಷಕರನ್ನು ಬಾಯಲ್ಲಿ ಕೇಳಿ, ರೈಲಿನ ಟಿಕೆಟ್ ಮಾತ್ರ ಮಾಡಿ, ಲಾಜಿಗೆ ಮುಂಗಡ ಕಟ್ಟಬೇಡಿ. ರೈಲಿನ ಟಿಕೆಟ್ ಮೊದಲೇ ರದ್ದು ಮಾಡಿದರೆ ಸ್ವಲ್ಪ ಹಣ ಹೋಗಬಹುದು, ಮುಂಗಡ ಕೊಟ್ಟ ಲಾಜಿನವರಿಂದ ವಾಪಸು ಪಡೆಯುವುದು ಇನ್ನೊಂದು ಕತೆ.

ವಾಪಸು ಟಿಕೆಟ್ ವೇಟಿಂಗ್‌ನಲ್ಲಿದ್ದರೆ ಹೊರಡಲೇಬೇಡಿ. ಮೂರು ದಿನದ ರಜೆ ಐದು ದಿನ ಆಗುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ.

ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವಾದರೆ ರೈಲಿನಲ್ಲಿ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಕಾದರೆ ಪೂರ್ತಿ ದರ, ಬೇಡವಾದರೆ ಅರ್ಧ. ರಾತ್ರಿ ಪ್ರಯಾಣಕ್ಕೆ ಎಂಟು ವರ್ಷದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಉಳಿಸುವ ದುಡ್ಡು ಮರುದಿನ ಅಳುವಿನಲ್ಲಿ ಹೋಗುತ್ತದೆ.

ಬಸ್ಸಿನವರಿಗೆ ಎರಡು ಮಾತು. ಬೆಳಗಾವಿ, ಬಾಗಲಕೋಟೆಯ ಬಸ್ಸುಗಳು ವಾಯವ್ಯ ಸಾರಿಗೆಯವು, ವಿಜಯಪುರದವು ಕಲ್ಯಾಣ ಕರ್ನಾಟಕ ಸಾರಿಗೆಯವು. ಶಕ್ತಿ ಯೋಜನೆ ಎರಡರಲ್ಲೂ ಇದೆ, ಆದರೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಇಲ್ಲ. ಕೊಲ್ಹಾಪುರ, ಪಂಢರಪುರ, ಪಣಜಿಗೆ ಹೋಗುವ ಅಂತರರಾಜ್ಯ ಬಸ್ಸು ಹತ್ತಿ ಆಧಾರ್ ತೋರಿಸಿ ವಾದ ಮಾಡಬೇಡಿ. ಹೆಣ್ಣುಮಕ್ಕಳ ಟಿಕೆಟ್ಟಿಗೂ ದುಡ್ಡು ಎಣಿಸಿ ಇಟ್ಟುಕೊಳ್ಳಿ.

ಹಂತ 6: ತಪ್ಪಿದ ಪಾಠ

ಪ್ರವಾಸಕ್ಕೆ ಸಾಲಿ ಚೀಲ ಹೊತ್ತುಕೊಂಡು ಹೋಗಬೇಡಿ. ಚೀಲ ಊರು ನೋಡಿಕೊಂಡು ಬರುತ್ತದೆ, ತೆರೆಯುವವರು ಯಾರೂ ಇಲ್ಲ. ರಾಜ್ಯ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುತ್ತವೆ, ಬೇಕಾದ ಪಾಠ ಫೋನಿಗೆ ಇಳಿಸಿಕೊಂಡರೆ ಸಾಕು.

ಹೊರಡುವ ಮೊದಲು ಪ್ರತಿ ವಿಷಯದ ಕಾಪಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಕೊನೆಗೆ ಬರೆದ ಪುಟದ ಫೋಟೊ ತೆಗೆದಿಡಿ. ಎಲ್ಲಿಗೆ ನಿಂತಿತ್ತು ಎನ್ನುವುದು ಗೊತ್ತಿಲ್ಲದೆ ಎಲ್ಲಿಂದ ಬರೆಸಬೇಕು ಎನ್ನುವುದು ತಿಳಿಯದು. ಆ ವಾರ ಯಾವ ಪಾಠ ನಡೆಯುತ್ತದೆ ಎಂದು ಗಣಿತದ ಶಿಕ್ಷಕರನ್ನು ಕೇಳಿ, ಬೇರೆ ವಿಷಯದವರನ್ನು ಕೇಳದಿದ್ದರೂ ನಡೆಯುತ್ತದೆ.

ಗಣಿತಕ್ಕೇ ಏಕೆ ಇಷ್ಟು? ಸಮಾಜ ವಿಜ್ಞಾನದಲ್ಲಿ ಒಂದು ಪಾಠ ತಪ್ಪಿದರೆ ಓದಿಕೊಳ್ಳಬಹುದು, ಮುಂದಿನ ಪಾಠಕ್ಕೆ ಅದು ಅಡ್ಡ ಬರುವುದಿಲ್ಲ. ಗಣಿತ ಹಾಗಲ್ಲ. ಸಮಾನ ಭಿನ್ನರಾಶಿ ಹೇಳಿಕೊಟ್ಟ ದಿನ ಮಗು ಇರಲಿಲ್ಲ ಎನ್ನಿ. ಎರಡು ದಿನ ಬಿಟ್ಟು ಭಿನ್ನರಾಶಿ ಕೂಡಿಸುವುದು ಬರುತ್ತದೆ. ½ ಮತ್ತು ⅓ ಕೂಡಿಸಲು ಎರಡನ್ನೂ ಆರನೇ ಭಾಗಕ್ಕೆ ತರಬೇಕು, 3/6 ಮತ್ತು 2/6 ಸೇರಿ 5/6. ಆ ಮೆಟ್ಟಿಲು ಕಾಣದ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದು ಬರೆಯುತ್ತದೆ. ಕಾಪಿ ನೋಡಿ ಬರೆದುಕೊಂಡ ಉತ್ತರ ಸರಿಯಾಗಿಯೇ ಇರುವುದರಿಂದ ಪರೀಕ್ಷೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಬಂದ ಮೇಲೆ ಹೀಗೆ ಮಾಡಿ. ಗೆಳೆಯರ ಕಾಪಿಯನ್ನು ಶನಿವಾರ ಮಧ್ಯಾಹ್ನ ತಂದು ಭಾನುವಾರ ಸಂಜೆಗೆ ವಾಪಸು ಮುಟ್ಟಿಸಿ. ಸಾಲಿಯ ದಿನ ಇನ್ನೊಬ್ಬರ ಕಾಪಿ ನಿಮ್ಮ ಮನೆಯಲ್ಲಿ ಉಳಿಯಬಾರದು, ಆ ಮಗು ಬೈಸಿಕೊಳ್ಳುತ್ತದೆ, ಮುಂದಿನ ಸಲ ಕಾಪಿ ಸಿಗುವುದಿಲ್ಲ. ಭಾಷೆ, ವಿಜ್ಞಾನ, ಸಮಾಜದ ಟಿಪ್ಪಣಿ ನೋಡಿ ಬರೆಯಲಿ. ಗಣಿತದಲ್ಲಿ ಲೆಕ್ಕ ಮಾತ್ರ ಬರೆದುಕೊಳ್ಳಲಿ, ಉತ್ತರ ಮುಚ್ಚಿಡಿ. ಐದರಲ್ಲಿ ನಾಲ್ಕು ತಾನೇ ಬಿಡಿಸಿದರೆ ಆ ಪಾಠ ಬಂದಂತೆ, ಎರಡು ಬಿಟ್ಟರೆ ಶಿಕ್ಷಕರ ಹತ್ತಿರ ಹತ್ತು ನಿಮಿಷ ಕೇಳಿಸಿ. ವಾರದ ದಿನಗಳಲ್ಲಿ ಸಂಜೆಗೆ ಎರಡು ವಿಷಯ, ನಲವತ್ತು ನಿಮಿಷ. ಅದಕ್ಕಿಂತ ಹೆಚ್ಚು ಕೂರಿಸಿದರೆ ಅಂದಿನ ಗೃಹಪಾಠ ಉಳಿಯುತ್ತದೆ, ಹಳೆ ಬಾಕಿಯ ಮೇಲೆ ಹೊಸ ಬಾಕಿ.

ಹಂತ 7: ಮರಳಿದ ಮೊದಲ ವಾರ

ಯೂನಿಫಾರ್ಮ್ ತೊಳೆದು ಇಸ್ತ್ರಿ ಮಾಡಿ, ಬೂಟು ಒರೆಸಿ, ಸಾಲಿ ಚೀಲ ತುಂಬಿ ಬಾಗಿಲ ಹತ್ತಿರ ಇಡುವ ಕೆಲಸ ಹೊರಡುವ ಮೊದಲೇ ಮುಗಿಯಲಿ. ಬಂದ ರಾತ್ರಿ ಒದ್ದೆ ಬಟ್ಟೆಯ ಬ್ಯಾಗಿನ ನಡುವೆ ಟೈ ಹುಡುಕುವ ಮನೆಯಲ್ಲಿ ಮರುದಿನವೂ ಸಾಲಿ ತಪ್ಪುತ್ತದೆ.

ಮೊದಲ ದಿನ ಮಗುವನ್ನು ನೀವೇ ಬಿಟ್ಟು ಬನ್ನಿ. "ಬಂದೇವ್ರಿ ಅಕ್ಕೋರ, ಈ ವಾರದಾಗ ಬರಸ್ತೇವಿ" ಎಂದರೆ ಸಾಕು. ಪೇಡೆಯ ಡಬ್ಬಿ ಕೊಡುವುದಾದರೆ ಸ್ಟಾಫ್ ರೂಮಿಗೆ ಕೊಡಿ, ಒಬ್ಬರಿಗೇ ಕೊಡಬೇಡಿ.

ಎರಡನೇ ವಾರದಲ್ಲೂ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದರೆ ಗಣಿತದ ಕಾಪಿ ತೆರೆದು ನೋಡಿ. ಪುಟಗಳು ಖಾಲಿ ಇದ್ದರೆ, ಅಥವಾ ಚಿತ್ತು ಕಾಟು ಒಂದೂ ಇಲ್ಲದೆ ಉತ್ತರಗಳೆಲ್ಲ ನೀಟಾಗಿದ್ದರೆ, ಎರಡೂ ಒಂದೇ. ಅದೇ ಸಂಜೆ ಶಿಕ್ಷಕರನ್ನು ಕಾಣಿ, ಯಾವ ದಿನದ ಪಾಠ ಎಂದು ದಿನಾಂಕ ಹಿಡಿದು ಕೇಳಿ. ಸಹಿ ಹಾಕಿಸಿಕೊಂಡ ಚೀಟಿಯ ಪ್ರತಿ ಆಗ ಕೈಯಲ್ಲಿರಲಿ, ದಿನಾಂಕಗಳೆಲ್ಲ ಅದರಲ್ಲೇ ಇವೆ.